ತುಳಸಿಕಟ್ಟೆಯ ಬಾರಿಗೆ ಬಂದ ಮಾಳಕರಿ

ಬೆಳಗಾವಿಯ ಅನಗೋಳದ ಗಲ್ಲಿಗಳಲ್ಲಿ ಪಂಢರಿನಾಥನ ಮನೆ ಯಾವುದೆಂದು ಕೇಳಿದರೆ ಜನ ಮೊದಲು ಅವನ ಹಳೆಯ ಗುರುತು ಹೇಳುತ್ತಿದ್ದರು, ಆಮೇಲೆ ಹೊಸದು. "ಯಾಂವ, ಆ ಕುಡುಕ ಪಂಢರಿ ಏನ್ರೀ? ಈಗ ಮಾಳಕರಿ ಆಗ್ಯಾನ ನೋಡ್ರಿ, ದೇವರಂಥಾ ಮನಶ್ಯಾ. ಅಲ್ಲೆ, ನೀಲಿ ಗೇಟಿನ ಮನಿ." ಊರಿನ ನೆನಪೇ ಹಾಗೆ. ಒಬ್ಬ ಮನುಷ್ಯ ಎಂಟು ವರ್ಷ ನೆಟ್ಟಗೆ ನಡೆದರೂ ಅದಕ್ಕಿಂತ ಹಿಂದಿನ ತೂರಾಟವನ್ನು ಊರು ಮಡಿಸಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ಹೊರಗೆ ತೆಗೆದು ಝಾಡಿಸುತ್ತದೆ. ಪಂಢರಿನಾಥನಿಗೆ ಇದು ಗೊತ್ತಿತ್ತು, ಅದರ ಬಗ್ಗೆ ಬೇಸರವೂ ಇರಲಿಲ್ಲ. ಹಳೆಯದನ್ನು ಎತ್ತಿ ಆಡಿದಷ್ಟೂ ಹೊಸದರ ಬೆಲೆ ಏರುತ್ತದೆಂದು ಅವನು ಒಳಗೊಳಗೇ ಹಿಗ್ಗುತ್ತಿದ್ದ. ಕುಡಿತ ಬಿಟ್ಟವರಿಗೆ ಈ ಹಿಗ್ಗು ಒಳ್ಳೆಯದಲ್ಲ. ಆದರೆ ಪಾಪ, ಹಿಗ್ಗುವುದಕ್ಕೆ ಅವನ ಹತ್ತಿರ ಬೇರೆ ಏನಿತ್ತು?

ಹುಟ್ಟಿದ್ದು ಖಾನಾಪುರದಲ್ಲಿ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬೈಗುಳ ಎರಡರಲ್ಲೂ. ಐಟಿಐ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಮಶೀನಿಗೆ ನಿಂತ. ಕೈ ಚಲೋ ಇತ್ತು, ಮಾಲೀಕರಿಗೆ ಬೇಕಾದವನಾದ. ಸೆಕೆಂಡ್ ಶಿಫ್ಟ್ ಮುಗಿಸಿ ಮೈಯೆಲ್ಲ ಕಬ್ಬಿಣದ ವಾಸನೆ ಹೊತ್ತು ಹೊರಗೆ ಬಂದಾಗ ಎದುರಿಗೇ ಬಾರು. ಮೊದಲು ಶನಿವಾರಕ್ಕೊಮ್ಮೆ, ಆಮೇಲೆ ದಿನಾ, ಆಮೇಲೆ ಶಿಫ್ಟಿಗೆ ಹೋಗುವ ಮೊದಲೇ. ಮಾಲೀಕ ಎಷ್ಟು ದಿನ ನೋಡಿಯಾನು? ಕೆಲಸ ಹೋಯಿತು. ಹೆಂಡತಿ ಪ್ರಾಜಕ್ತಾ ಜಂಪರು ಹೊಲಿದು ಸಂಸಾರ ಎಳೆದಳು. ಮಗಳು ಮುಗ್ಧಾಳನ್ನು ಎತ್ತಿಕೊಂಡು ಎರಡು ಸಲ ನಂದಗಡದ ತವರಿಗೆ ಹೋದಳು. ಎರಡು ಸಲವೂ ಅವನು ಅಲ್ಲಿಗೆ ಹೋಗಿ ಮಾವನ ಕಾಲು ಹಿಡಿದು, ಅತ್ತು, ಆಣೆ ಇಟ್ಟು ಕರೆತಂದ. ಎರಡು ಸಲವೂ ಆ ಆಣೆ ಒಂದು ತಿಂಗಳು ಬಾಳಲಿಲ್ಲ.

ತಾಯಿ ಗಂಗೂಬಾಯಿ ಸತ್ತ ದಿನ ಅವನು ಎಲ್ಲಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ಹಡೆದದ್ದು ಅವನೊಬ್ಬನನ್ನೇ. ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಮಂದಿ ಕಾದರು, ಖಾನಾಪುರದ ಸಾರಾಯಿ ಅಂಗಡಿಗಳನ್ನೆಲ್ಲ ಹುಡುಕಿದರು. ಕಡೆಗೆ ಬೆಂಕಿಯ ಗಡಿಗೆಯನ್ನು ದೂರದ ದಾಯಾದಿಯೊಬ್ಬ ಹಿಡಿದು ಮುಂದೆ ನಡೆದ. ಪಂಢರಿನಾಥ ಮಾರನೆಯ ದಿನ ಮಧ್ಯಾಹ್ನ ನದಿಯ ದಂಡೆಗೆ ಬಂದಾಗ ಬೂದಿ ಆರಿತ್ತು. ಅವನು ಅಲ್ಲಿ ಕುಳಿತು ಬಾಯಿ ಬಡಿದುಕೊಂಡು ಅತ್ತ. ಆ ಅಳುವಿನಲ್ಲೂ ನಿಶೆ ಪೂರ್ತಿ ಇಳಿದಿರಲಿಲ್ಲ ಎಂಬುದು ಅವನಿಗೆ ಆಮೇಲೆ ನೆನಪಾಗುತ್ತಿತ್ತು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆ ಆಷಾಢದಲ್ಲಿ ಅಭಂಗ ಹಾಡುತ್ತ ಹೊರಟ ಖಾನಾಪುರದ ಯಾತ್ರಿಕರ ದಿಂಡಿಯ ಜೊತೆ ನಡೆದುಕೊಂಡೇ ಪಂಢರಪುರಕ್ಕೆ ಹೋದ. ಕೈಕಾಲು ನಡುಗುತ್ತಿದ್ದವು, ದಾರಿಯಲ್ಲಿ ಎರಡು ಕಡೆ ಬಿದ್ದ. ವಿಠ್ಠಲನ ಗುಡಿಯ ಮುಂದೆ ದಿಂಡಿಯ ಹಿರಿಯರಾದ ಬುವಾ ಅವನ ಕೊರಳಿಗೆ ತುಳಸಿಮಾಲೆ ಹಾಕಿದರು. ನಮ್ಮ ಕಡೆ ಅದಕ್ಕೆ ಮಾಳ ಎನ್ನುತ್ತಾರೆ. ಮಾಳ ಬಿದ್ದ ಮೇಲೆ ಹೆಂಡ ಇಲ್ಲ, ಮಾಂಸ ಇಲ್ಲ, ಸುಳ್ಳಾಡುವಂತಿಲ್ಲ, ಏಕಾದಶಿ ತಪ್ಪುವಂತಿಲ್ಲ. ಹಾಕಿಸಿಕೊಂಡವ ಮಾಳಕರಿ. ದೊಡ್ಡ ದೊಡ್ಡ ಕುಡುಕರನ್ನು ಈ ಒಂದು ಎಳೆ ಹಿಡಿದು ನಿಲ್ಲಿಸಿದ್ದುಂಟು. ಬೆಳಗಾವಿಯ ಡಾಕ್ಟರು ಮಾತ್ರ ದೇವರ ಸುದ್ದಿ ಎತ್ತದೆ ಹೇಳಿದ್ದರು. "ನೋಡಪಾ, ನಿನ್ನ ಮೈಗೆ ಒಂದು ಚಮಚಾ ಸಾಕು. ಒಂದು ಚಮಚಾ ಒಳಗ ಹೋತು ಅಂದ್ರ ಉಳಿದದ್ದು ತಾನ ಬರತದ. ಪರೀಕ್ಷಾ ಮಾಡಾಕ ಹೋಗಬ್ಯಾಡ." ಪ್ರಾಜಕ್ತಾ ಇವರಿಬ್ಬರ ಮಾತನ್ನೂ ಸೇರಿಸಿ ತನ್ನದೊಂದು ಮಾತು ಮಾಡಿದಳು. "ನಿಮ್ಮ ಕೊಳ್ಳಾಗ ಮಾಳ ಇರೂತನಕ ನಾ ಈ ಮನ್ಯಾಗ ಇರತೀನಿ. ಅದು ಇಳೀತಂದ್ರ, ಮೂರನೇ ಸಲ ನೀವು ಕರ್ಯಾಕ ಬರೂದು ಬ್ಯಾಡ."

ಎಂಟು ವರ್ಷ ಅದು ಇಳಿಯಲಿಲ್ಲ. ಇನ್ನೊಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು, ಸುಪರ್‌ವೈಜರ್ ಆದ. ಮುಗ್ಧಾ ಕಾಲೇಜಿಗೆ ಹೋದಳು. ಸಂಜೆ ಅವನು ಮನೆಗೆ ಬಂದಾಗ ಪ್ರಾಜಕ್ತಾ ಬಾಗಿಲು ತೆರೆದು ಮೊದಲು ಅವನ ಕೊರಳು ನೋಡುತ್ತಿದ್ದಳು, ಆಮೇಲೆ ಮುಖ. ಮೊದಮೊದಲು ಅವನಿಗೆ ಅದು ಚುಚ್ಚುತ್ತಿತ್ತು. ಬರಬರುತ್ತ ಆ ನೋಟವಿಲ್ಲದೆ ಮನೆಗೆ ಬಂದ ಹಾಗೇ ಅನಿಸುತ್ತಿರಲಿಲ್ಲ.

ಇನ್ನು ಗೆಳೆಯರು. ಖಾನಾಪುರದ ಶಾಲೆಯಿಂದ ಜೊತೆಗಿದ್ದವರು ಮೂವರು. ಗಜಾನನ ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿದ ಕಂತ್ರಾಟುದಾರ, ದೊಡ್ಡ ಕಾರಿನ ಮಾಲೀಕ, ಅದಕ್ಕಿಂತ ದೊಡ್ಡ ದನಿಯವ. ಪರಾಗ ವಿಮೆ ಮಾರುತ್ತಿದ್ದ, ನಗುವುದು ಅವನ ಕಸುಬಿನ ಒಂದು ಭಾಗ. ಗುರುಸಿದ್ದ ಬಸ್ ಡಿಪೋದಲ್ಲಿ ಗುಮಾಸ್ತ, ಕುರಿ ಕಾಯುವವರ ಮನೆಯಿಂದ ಬಂದು ನೌಕರಿ ಹಿಡಿದವ, ಮಾತು ಕಡಿಮೆ. ವರ್ಷಕ್ಕೊಂದು ಸಲ ಮೂವರೂ ಗೋವಾಕ್ಕೆ ಹೋಗುತ್ತಿದ್ದರು. ಪಂಢರಿನಾಥ ಮಾಳಕರಿಯಾದ ಮೇಲೆ ಅವನನ್ನು ಬಿಟ್ಟು ಹೋಗುತ್ತಾರೆಂದು ಎಲ್ಲರೂ ತಿಳಿದರು. ಆದದ್ದು ಉಲ್ಟಾ. ಅವನಿಲ್ಲದೆ ಅವರು ಹೊರಡುವುದೇ ಇಲ್ಲ ಎಂದಾಯಿತು. "ಪಂಢರಿ ಇದ್ದಾನಂದ್ರ ಗಾಡೀದು ಚಿಂತಿ ಇಲ್ಲಲೇ" ಎನ್ನುತ್ತಿದ್ದ ಗಜಾನನ. ಮೂವರು ಕುಡಿಯುವರು, ಒಬ್ಬ ಲಿಂಬು ಸೋಡಾ ಹೀರಿ ಕಾರು ಹೊಡೆಯುವನು. ಈ ಏರ್ಪಾಡನ್ನು ಅವರು ಪ್ರೀತಿ ಎಂದು ಕರೆಯುತ್ತಿದ್ದರು, ಪಂಢರಿನಾಥನೂ ಹಾಗೇ ಕರೆಯುತ್ತಿದ್ದ. ಎಷ್ಟೋ ಬಾರುಗಳಲ್ಲಿ, ಎಷ್ಟೋ ಬಾಟಲಿಗಳ ಎದುರಿಗೆ ಅವನು ಕೈಕಟ್ಟಿ ಕುಳಿತು ಗೆದ್ದು ಬಂದಿದ್ದ. ಪ್ರಾಜಕ್ತಾ ಬೇಡವೆನ್ನುತ್ತಿದ್ದಳು. "ನನ್ನ ಕೊಳ್ಳಾಗ ಅಂವಾ ಅದಾನ, ನೀ ಯಾಕ ಅಂಜತೀ" ಎಂದು ಅವನು ಮಾಲೆ ಮುಟ್ಟಿ ತೋರಿಸುತ್ತಿದ್ದ.

ಈ ಸಲವೂ ಹೋದರು, ಎರಡು ದಿನ ಇದ್ದರು, ಭಾನುವಾರ ಮಧ್ಯಾಹ್ನ ಹೊರಟರು. ಘಾಟು ಹತ್ತಿ ಲೋಂಡಾ ದಾಟಿದಾಗ ಕಾಡಿನ ಮೇಲೆ ಬಿಸಿಲು ಹಳದಿಯಾಗುತ್ತಿತ್ತು. ಪಂಢರಿನಾಥ ಕಾರು ಹೊಡೆಯುತ್ತಿದ್ದ. ಬಾಜು ಕುಳಿತ ಗಜಾನನ ಮೊಬೈಲು ನೋಡುತ್ತ, "ಖಾನಾಪುರಕ್ಕಿಂತ ಮೊದಲ ಒಂದು ಹೊಸಾ ಜಾಗಾ ಆಗೇತಂತಲೇ. ಅಜ್ಜೀ ವಾಡೆ ಅಂತ. ಎಲ್ಲಾ ಹಳೀ ಮನೀಗತೆ ಮಾಡ್ಯಾರಂತ. ಒಂದೊಂದು ಗ್ಲಾಸ್ ಹಾಕಿ ಹೋಗೂಣು" ಎಂದ.

"ಎರಡು ದಿನಾ ಕುಡದದ್ದು ಸಾಲಲಿಲ್ಲೇನೋ?" ಎಂದ ಹಿಂದಿನಿಂದ ಗುರುಸಿದ್ದ.

"ಕುಡ್ಯಾಕಲ್ಲೋ, ನೋಡಾಕ. ನಮ್ಮ ಊರಾಗ ಇಂಥಾದ್ದು ಬಂದೈತಿ ಅಂದ್ರ ನೋಡಬ್ಯಾಡಾ?"

"ನನಗ ಲಿಂಬು ಸೋಡಾ ಸಿಗತೈತಿಲ್ಲೋ?" ಎಂದು ಪಂಢರಿನಾಥ ನಕ್ಕ. ಅದು ಅವನ ಮಾಮೂಲು ಜೋಕು. ಎಲ್ಲರೂ ನಕ್ಕರು.

ಆ ವಾಡೆ ನಿಜವಾಗಿ ಹಳೆಯದಾಗಿರಲಿಲ್ಲ. ಎಲ್ಲೆಲ್ಲೋ ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆ ತಂದು ಜೋಡಿಸಿ ಹಳೆಯದು ಮಾಡಿದ್ದರು. ಮಾಡಿದವರ ಕೈಚಳಕ ಮೆಚ್ಚಬೇಕು. ಹೆಂಚಿನ ಮಾಡು, ಸೆಗಣಿ ಬಣ್ಣದ ಗೋಡೆ, ಮೂಲೆಯಲ್ಲಿ ಬೀಸುಕಲ್ಲು, ತೊಲೆಗೆ ನೇತುಬಿಟ್ಟ ತೊಟ್ಟಿಲು. ಆ ತೊಟ್ಟಿಲಲ್ಲಿ ಮಲಗಿದ್ದು ಬಾಟಲಿಗಳು. ಆದರೆ ಅದು ಒಳಗೆ ಹೋದವರಿಗೆ ಕಾಣುವಂಥದ್ದು. ಹೊಸ್ತಿಲ ಬಳಿ ನಿಂತವನಿಗೆ ಕಾಣುತ್ತಿದ್ದದ್ದು ಅಂಗಳ, ಅಂಗಳದ ನಡುವೆ ತುಳಸಿಕಟ್ಟೆ. ಆಗಷ್ಟೇ ದೀಪ ಹಚ್ಚಿದ್ದರು. ಊದಿನಕಡ್ಡಿ ಉರಿಯುತ್ತಿತ್ತು. ತುಳಸಿ ಮಾತ್ರ ಖರೇ ತುಳಸಿ, ಹುಲುಸಾಗಿ ಬೆಳೆದಿತ್ತು.

ಕಾರು ನಿಲ್ಲಿಸಿ ಬರುವಷ್ಟರಲ್ಲಿ ಮೂವರೂ ಒಳಗೆ ಹೋಗಿಬಿಟ್ಟಿದ್ದರು. ಪಂಢರಿನಾಥ ಒಬ್ಬನೇ ಬಂದ. ತುಳಸಿಕಟ್ಟೆ ಕಂಡದ್ದೇ ತಡ, ಚಪ್ಪಲಿ ಕಳಚಿದ. ಇದು ಕುಡಿಯುವ ಜಾಗ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಬೇಕಲ್ಲ. ಎಂಟು ವರ್ಷದಿಂದ ಮುಂಜಾನೆ ಸಂಜೆ ತುಳಸಿಗೆ ಸುತ್ತು ಹಾಕಿದ ಕಾಲು ಅವು. ಅವನು ಸುತ್ತು ಹಾಕಿದ, ಕೈಮುಗಿದ, ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಎದುರಿಗೆ ಒಬ್ಬ ನಿಂತಿದ್ದ. ಬಿಳಿ ಧೋತರ, ಹೆಗಲ ಮೇಲೆ ಉಪರಣೆ, ಕೈಯಲ್ಲಿ ತಾಮ್ರದ ಪಾತ್ರೆ, ಪಾತ್ರೆಯಲ್ಲಿ ಉದ್ದ ಹಿಡಿಕೆಯ ಪುಟ್ಟ ಚಮಚ. ಅವನು ನಗುಮುಖದಿಂದ ಚಮಚ ಎತ್ತಿದ.

ನಮ್ಮಲ್ಲಿ ಹುಟ್ಟಿದವನ ಎದುರಿಗೆ ತಾಮ್ರದ ಚಮಚ ಎತ್ತಿದರೆ ಅವನ ಕೈ ಏನು ಮಾಡುತ್ತದೆ? ಪಂಢರಿನಾಥನ ಕೈಯೂ ಅದನ್ನೇ ಮಾಡಿತು. ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಮಾಡಿದ. ಚಮಚ ಬಗ್ಗಿತು. ತುಳಸಿ ಎಲೆಯೊಂದು ತೇಲುತ್ತಿತ್ತು, ಪಚ್ಚಕರ್ಪೂರದ ಪರಿಮಳ ಬಂತು. ಸದ್ದಾಗದಂತೆ ಹೀರಿ, ಒದ್ದೆ ಅಂಗೈಯನ್ನು ನೆತ್ತಿಗೆ ಒರೆಸಿಕೊಂಡ.

ಆಮೇಲೆ ಅದು ಗಂಟಲಲ್ಲಿ ಇಳಿಯಿತು. ಬೆಲ್ಲ, ಶುಂಠಿ, ಅದರ ಹಿಂದಿನಿಂದ ಇನ್ನೊಂದು. ಎಂಟು ವರ್ಷ ಬಿಟ್ಟು ಬಂದರೂ ಅದು ಗುರುತು ಹೇಳಬೇಕಾಗಿರಲಿಲ್ಲ. ಗಂಟಲು ಸುಟ್ಟಿತು, ಎದೆ ಬೆಚ್ಚಗಾಯಿತು, ಹೊಟ್ಟೆಯೊಳಗೆ ಏನೋ ಎದ್ದು ಕುಳಿತಿತು.

"ಏನ್ರೀ ಇದು?" ಎಂದ.

"ವೆಲ್‌ಕಮ್ ಡ್ರಿಂಕ್ ಸರ್. ಅಜ್ಜೀ ಔಷಧ ಅಂತ ಹೆಸರಿಟ್ಟಾರ. ತುಳಸಿ, ಶುಂಠಿ, ಬೆಲ್ಲ, ಮ್ಯಾಲ ಒಂಚೂರು ರಮ್. ಇನ್ನೊಂದು ಹಾಕಲ್ರೀ?"

ಆ ಮನುಷ್ಯನ ತಪ್ಪಿರಲಿಲ್ಲ. ಬಾರಿಗೆ ಬಂದವನಿಗೆ ಬಾರಿನದ್ದನ್ನೇ ಕೊಟ್ಟಿದ್ದ. ಎದುರಿಗಿದ್ದವನ ಅಂಗಿಯ ಕಾಲರಿನ ಒಳಗೆ ಏನಿದೆಯೆಂದು ಅವನು ಹೇಗೆ ಕಂಡಾನು?

ಪಂಢರಿನಾಥ ಹಿತ್ತಲಿನ ನಲ್ಲಿಗೆ ಓಡಿದ. ಬಾಯಿ ಮುಕ್ಕಳಿಸಿದ, ಗಂಟಲಿಗೆ ಬೆರಳು ಹಾಕಿದ, ಕಣ್ಣಲ್ಲಿ ನೀರು ಬಂತೇ ಹೊರತು ಬೇರೇನೂ ಬರಲಿಲ್ಲ. ತಲೆಗೆ ನೀರು ಸುರಿದುಕೊಂಡ. ನೆತ್ತಿಯಲ್ಲಿ ಇನ್ನೂ ರಮ್ಮಿನ ವಾಸನೆ. ಆ ಹೊತ್ತಿನಲ್ಲಿ ಯಾರಾದರೂ ಒಬ್ಬರು, ದಿಂಡಿಯ ಬುವಾ ಆಗಲಿ, ಪ್ರಾಜಕ್ತಾ ಆಗಲಿ, ಬಾಜು ನಿಂತು "ತಿಳೀದ ಆಗೇತಿ, ವಿಠ್ಠಲಗ ಗೊತ್ತೈತಿ, ನಡೀ ಮನೀಗೆ" ಎಂದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಫೋನು ಕಿಸೆಯಲ್ಲೇ ಇತ್ತು. ತೆಗೆದ. ಹೆಂಡತಿಯ ಹೆಸರಿನ ಮೇಲೆ ಹೆಬ್ಬೆರಳು ಇಟ್ಟ. ಏನೆಂದು ಹೇಳುವುದು? ಬಾರಿನಲ್ಲಿ ತೀರ್ಥ ಅಂತ ತಿಳಿದು ಕುಡಿದೆ ಎಂದೇ? ಅವನ ಕುಡಿತದ ದಿನಗಳಲ್ಲಿ ಅವನು ಹೇಳಿದ್ದ ಎಷ್ಟೋ ಸುಳ್ಳುಗಳು ಇದಕ್ಕಿಂತ ನಂಬುವ ಹಾಗಿದ್ದವು. ಫೋನನ್ನು ಮತ್ತೆ ಕಿಸೆಗೆ ಹಾಕಿದ.

ಒಳಗೆ ಗೆಳೆಯರು ಚಾಪೆಯ ಮೇಲೆ ಕುಳಿತಿದ್ದರು. ಗೋಡೆಯ ತುಂಬ ಹಳೆಯ ಫೋಟೋಗಳು. ಒಂಬತ್ತು ಗಜದ ಸೀರೆಯ ಮುದುಕಿಯರು, ರುಮಾಲಿನ ಮುದುಕರು. ಯಾರ ಮನೆಯವರೋ, ಯಾವ ಗುಜರಿಯಿಂದ ತಂದರೋ, ಎಲ್ಲರಿಗೂ ಗಂಧದ ಹಾರ ಹಾಕಿ ಬಾರಿನಲ್ಲಿ ಕೂರಿಸಿದ್ದರು. ಕುಡಿಯುವ ಪದಾರ್ಥಕ್ಕೆಲ್ಲ ಮನೆಮಂದಿಯ ಹೆಸರು. ಸೊಸಿ ಸಿಟ್ಟು, ಮಾವನ ಮೀಸಿ, ಬಾಣಂತಿ ಖಾರ. ಪರಾಗನಿಗೆ ನಕ್ಕು ನಕ್ಕು ಸಾಕಾಗಿತ್ತು.

"ಏ, ತಲೀ ಯಾಕ ತೋಯಿಸ್ಕೊಂಡೀ?"

"ಸೆಕೆ."

"ನಮ್ಮ ಬುವಾಗ ಒಂದು ಲಿಂಬು ಸೋಡಾ ತರ್ರೀ" ಎಂದು ಗಜಾನನ ಕೂಗಿದ.

ಸೋಡಾ ಬಂತು. ಪಂಢರಿನಾಥ ಗ್ಲಾಸು ಹಿಡಿದು ಕುಳಿತ. ಒಳಗೆ ಎರಡು ದನಿ ಮಾತಾಡುತ್ತಿದ್ದವು. ಒಂದು ಡಾಕ್ಟರದು, ಅದು ದೂರವಾಗುತ್ತಿತ್ತು. ಇನ್ನೊಂದು ಭಕ್ತಿಯ ಮಾತಾಡುತ್ತಿತ್ತು. ಮಾಳ ಮುರಿದು ಹೋಯಿತು ಪಂಢರಿ, ಎನ್ನುತ್ತಿತ್ತು ಅದು. ಒಂದು ಹನಿಯಾದರೇನು, ಒಂದು ಬಾಟಲಿಯಾದರೇನು, ವ್ರತ ಒಮ್ಮೆ ಮುರಿದದ್ದು ಮುರಿದದ್ದೇ. ಮೈಲಿಗೆಯಾದ ಕೊರಳಲ್ಲಿ ತುಳಸಿ ಇಟ್ಟುಕೊಂಡು ಕುಳಿತಿದ್ದೀಯಲ್ಲ, ಪಾಪ ಹೆಚ್ಚಾಗುತ್ತಿದೆ, ಮೊದಲು ಅದನ್ನು ತೆಗೆ. ಎಷ್ಟು ನಯವಾಗಿ ಹೇಳಿತು! ಬುವಾ ಕೀರ್ತನೆ ಹೇಳುವಾಗಲೂ ಅಷ್ಟು ನಯ ಇರಲಿಲ್ಲ. ಆ ದನಿ ಚಟದ್ದು. ಹೊರಗೆ ಹಾಕಿದ ಮನೆಗೆ ಮತ್ತೆ ಬರಬೇಕಾದರೆ ಯಾವ ಬಾಗಿಲು ತಟ್ಟಬೇಕೆಂದು ಚಟಕ್ಕೆ ಗೊತ್ತಿರುತ್ತದೆ.

ಅವನು ಎದ್ದು ಕಾರಿನ ಬಳಿ ಹೋದ. ಮಾಲೆ ತೆಗೆದು, ಕಣ್ಣಿಗೆ ಒತ್ತಿಕೊಂಡು, ಕರ್ಚೀಫಿನಲ್ಲಿ ಸುತ್ತಿ ಪ್ಯಾಂಟಿನ ಕಿಸೆಗೆ ಇಟ್ಟ. ಕೊರಳು ಬೆತ್ತಲಾದಂತಾಗಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಮರಳಿ ಬಂದು ಕುಳಿತು, "ನನಗೂ ಒಂದು ಹೇಳೋ" ಎಂದ.

"ಸೋಡಾ ಇನ್ನೂ ಹಂಗ ಐತಲ್ಲೋ."

"ಸೋಡಾ ಅಲ್ಲ."

ಪಕ್ಕದ ಚಾಪೆಯವರು ಯಾವುದಕ್ಕೋ ಚಪ್ಪಾಳೆ ತಟ್ಟಿದರು. ಗಜಾನನ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ಕೇಳಿದ.

"ಮತ್ತ ಗಾಡಿ ಯಾರು ಹೊಡೀತಾರ?"

ಎಂಟು ವರ್ಷದ ಗೆಳೆತನದಲ್ಲಿ, ಅಲ್ಲ, ಶಾಲೆಯಿಂದ ಲೆಕ್ಕ ಹಿಡಿದರೆ ಎಷ್ಟೋ ವರ್ಷದ ಗೆಳೆತನದಲ್ಲಿ ಪಂಢರಿನಾಥನಿಗೆ ಇಷ್ಟು ನೋವು ಯಾವ ಮಾತಿನಿಂದಲೂ ಆಗಿರಲಿಲ್ಲ. ಬೈದಿದ್ದರೆ ಎದ್ದು ಹೋಗುತ್ತಿದ್ದನೇನೋ. ಕಪಾಳಕ್ಕೆ ಬಿಗಿದಿದ್ದರೆ ಕಾಲು ಹಿಡಿಯುತ್ತಿದ್ದನೇನೋ. ಗುರುಸಿದ್ದ ಮಾತ್ರ ಅವನ ಮೊಣಕೈ ಹಿಡಿದ.

"ಹುಚ್ಚ ಹಿಡದೈತೇನು ನಿನಗ? ಪ್ರಾಜಕ್ತಾ ಅತ್ತಿಗಿಗೆ ಏನಂತ ಮಾರಿ ತೋರಸೂಣು ನಾವು? ಏಳು, ಹೊರಗ ನಡಿ."

"ಬಿಡೋ ಗುರ್ಯಾ. ಆಗೂದು ಆಗಿ ಹೋಗೇತಿ."

"ಏನಾಗೇತಿ?"

ಹೇಳಬಹುದಿತ್ತು. ಗುರುಸಿದ್ದ ನಗುವವನಲ್ಲ. ಆದರೆ ಬಾಜು ಪರಾಗ ಕುಳಿತಿದ್ದ, ನಗಲು ಕಾದು ಕುಳಿತವನಂತೆ. ತುಳಸಿಕಟ್ಟೆ ಸುತ್ತಿ, ಬಾರಿನವನ ಮುಂದೆ ಬೊಗಸೆ ಒಡ್ಡಿ, ರಮ್ಮು ನೆತ್ತಿಗೆ ಒರೆಸಿಕೊಂಡ ಮಾಳಕರಿಯ ಕಥೆ ಬೆಳಗಾವಿಯ ತುಂಬ ಹೇಗೆ ಓಡಾಡುತ್ತದೆಂದು ಪಂಢರಿನಾಥನಿಗೆ ಕಂಡಿತು. ಕುಡುಕ ಎನಿಸಿಕೊಳ್ಳುವುದು ಅವನಿಗೆ ರೂಢಿ ಇತ್ತು. ನಗೆಪಾಟಲಾಗುವುದು ಆಗಲಿಲ್ಲ.

"ಏನಿಲ್ಲ. ಸಾಕಾಗೇತಿ" ಎಂದ.

"ಇರಲಿ ಬಿಡಲೇ, ಒಂದು ದಿನಾ" ಎಂದ ಪರಾಗ. "ಇವತ್ತ ನಮ್ಮಂವಾ ಆದ." ಗಜಾನನ ಆಗಲೇ ಕೌಂಟರಿಗೆ ಹೋಗಿ ಡ್ರೈವರು ಸಿಗುತ್ತಾನೋ ಎಂದು ವಿಚಾರಿಸುತ್ತಿದ್ದ. ಸಿಗುತ್ತಾನೆಂದು ತಿಳಿದ ಮೇಲೆ ಅವನ ಮುಖವೂ ಅರಳಿತು.

ಮೊದಲ ಗ್ಲಾಸು ಬಂತು. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಖುಷಿಯಾಯಿತು. ಭುಜ ಇಳಿಯಿತು, ಎಂಟು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಕಾವಲುಗಾರ ಕೊನೆಗೂ ಮಲಗಿದ ಹಾಗಾಯಿತು. ಗೆಳೆಯರು ಎಂದೂ ಇಷ್ಟು ಹತ್ತಿರದವರು ಅನಿಸಿರಲಿಲ್ಲ. ಎರಡನೆಯದು ಅವನೇ ಹೇಳಿದ. ಆಮೇಲಿನವನ್ನು ಯಾರೂ ಕೇಳಲಿಲ್ಲ. ಗುರುಸಿದ್ದ ತನ್ನ ಗ್ಲಾಸನ್ನು ಮುಟ್ಟದೆ ಹೊರಗೆ ಹೋಗಿ ಕಾರಿನಲ್ಲಿ ಕುಳಿತ.

ಬಾರಿನವರು ಕಳಿಸಿದ ಡ್ರೈವರ್ ಬೀರಣ್ಣ ಎಂಬವನು ಮಾತಾಡದೆ ಕಾರು ಹೊಡೆದ. ಪಂಢರಿನಾಥನಿಗೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಖಾನಾಪುರ ಬಂತು, ಮಲಪ್ರಭೆಯ ಸೇತುವೆ ಬಂತು. ಅವನು ನಿಲ್ಲಿಸಲು ಹೇಳಿದ. ಮಾಳ ಮುರಿದವನು ಅದನ್ನು ಹರಿಯುವ ನೀರಿಗೆ ಬಿಡಬೇಕು, ಆಮೇಲೆ ಮತ್ತೆ ಪಂಢರಪುರಕ್ಕೆ ನಡೆದು ಹೋಗಿ ಬುವಾನ ಮುಂದೆ ತಪ್ಪು ಒಪ್ಪಿಕೊಂಡು ಹೊಸದು ಹಾಕಿಸಿಕೊಳ್ಳಬೇಕು. ಅದು ರೂಢಿ. ಇಳಿದು ಸೇತುವೆಯ ಕಟಾಂಜನ ಹಿಡಿದು ನಿಂತ. ಸ್ವಲ್ಪ ದೂರದಲ್ಲಿ ತಾಯಿಯನ್ನು ಸುಟ್ಟ ದಂಡೆ. ಕರ್ಚೀಫು ಬಿಚ್ಚಿ ಮಾಲೆ ಕೈಗೆ ತೆಗೆದುಕೊಂಡ. ಕೈ ಚಾಚಿದ.

ಆಗ ಮನೆಯ ಬಾಗಿಲು ಕಣ್ಣೆದುರು ಬಂತು. ಬಾಗಿಲು ತೆರೆಯುತ್ತಲೇ ಕೊರಳಿಗೆ ಹೋಗುವ ಆ ನೋಟ.

ಅವನು ಕೈ ಹಿಂದೆ ತೆಗೆದ. ಮಾಲೆಯನ್ನು ಕೊರಳಿಗೆ ಹಾಕಿಕೊಂಡ, ಗುಂಡಿ ಬಿಚ್ಚಿ ಹೊರಗೆ ಕಾಣುವಂತೆ ಸರಿ ಮಾಡಿಕೊಂಡ. ವಾಡೆಯಲ್ಲಿ ಆದದ್ದು ತಪ್ಪು, ಚಾಪೆಯ ಮೇಲೆ ಆದದ್ದು ಚಟ, ಎರಡಕ್ಕೂ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು. ಸೇತುವೆಯ ಮೇಲೆ ಮಾಡಿದ್ದನ್ನು ಮಾತ್ರ ಅವನು ತಿಳಿದೇ ಮಾಡಿದ. ಅದು ಅವನಿಗೂ ಗೊತ್ತಿತ್ತು, ಕಾರಿನಲ್ಲಿ ಕುಳಿತು ನೋಡುತ್ತಿದ್ದ ಗುರುಸಿದ್ದನಿಗೂ ಗೊತ್ತಿತ್ತು. ಅನಗೋಳ ಬರುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಪ್ರಾಜಕ್ತಾ ಬಾಗಿಲು ತೆರೆದಳು. ಕೊರಳು ನೋಡಿದಳು. ಮುಖ ಸಡಿಲವಾಯಿತು, "ಬರ್ರಿ, ಕೈಕಾಲು ತೊಳ್ಕೋರಿ, ಊಟಾ ಬಿಸಿ ಐತಿ" ಎಂದು ಅವನ ಕೈಯಿಂದ ಚೀಲ ತೆಗೆದುಕೊಳ್ಳಲು ಹತ್ತಿರ ಬಂದಳು. ಹತ್ತಿರ ಬಂದವಳು ಹಾಗೇ ನಿಂತಳು. ವಾಸನೆಗೆ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅವನ ಕಣ್ಣು ನೋಡಿದಳು, ಮತ್ತೆ ಕೊರಳು ನೋಡಿದಳು. ಒಳಗೆ ಮುಗ್ಧಾ ಓದುತ್ತ ಕುಳಿತಿದ್ದಳು.

"ಮುಗ್ಧಾ, ಗೋವಾದಿಂದ ಗೋಡಂಬಿ ತಂದಾರ ನಿಮ್ಮಪ್ಪ. ಒಂದೀಟು ಬಾಜೂಕ ಪದ್ಮವ್ವ ಆಯಿ ಮನೀಗೆ ಕೊಟ್ಟು ಬಾ. ಕುಂತು ಮಾತಾಡಿ ಬಾ, ಅವಸರ ಇಲ್ಲ."

ಮಗಳು ಹೋದಳು. ಹೋಗುವಾಗ ಅಪ್ಪನ ಕಡೆ ನೋಡಿ ನಕ್ಕು ಹೋದಳು.

ಪಂಢರಿನಾಥ ಗೋಡೆಗೆ ಒರಗಿ ಕುಸಿದು ಕುಳಿತ. ನಿಶೆ ಇಳಿಯುತ್ತಿತ್ತು, ಅದರ ಕೆಳಗಿನಿಂದ ಭಯ ಮೇಲೆ ಬರುತ್ತಿತ್ತು. ಈಗ ಟ್ರಂಕು ಎಳೆಯುತ್ತಾಳೆ, ಸೀರೆ ತುಂಬುತ್ತಾಳೆ ಎಂದು ಕಾದ. ಅಳುವುದಕ್ಕೆ, ಕಾಲು ಹಿಡಿಯುವುದಕ್ಕೆ ಸಿದ್ಧನಾದ. ಅವಳು ಬಂದು ಅವನ ಎದುರಿಗೆ ಕುಳಿತಳು.

"ಕೇಳ ಇಲ್ಲೆ" ಎಂದ. "ಖರೇ ಹೇಳತೀನಿ. ಅಲ್ಲೆ ತುಳಸಿಕಟ್ಟಿ ಇತ್ತು. ತಾಮ್ರದ ಚಮಚಾದಾಗ ಕೊಟ್ಟ. ನಾ ತೀರ್ಥ ಅಂತ ತಿಳದೆ. ಕೈ ಒಡ್ಡಿದೆ. ವಿಠ್ಠಲನ ಆಣಿ, ನನಗ ಗೊತ್ತಿರಲಿಲ್ಲ."

"ಖರೇ ಇರಬೇಕು" ಎಂದಳು ಅವಳು.

ಆ ದನಿಯನ್ನು ಅವನು ಬಲ್ಲ. ಸೈಕಲ್ಲಿನಿಂದ ಬಿದ್ದೆ, ಕಿಸೆ ಕತ್ತರಿಸಿದರು, ಮಾಲೀಕ ಪಗಾರ ಕೊಡಲಿಲ್ಲ ಎಂದು ಅವನು ಹೇಳುತ್ತಿದ್ದಾಗಲೆಲ್ಲ ಅವಳು ಇದೇ ದನಿಯಲ್ಲಿ ಇದನ್ನೇ ಅನ್ನುತ್ತಿದ್ದಳು. ಕುಡಿದು ಬಂದವನು ಮೊದಲ ಸಲ ನಡೆದದ್ದನ್ನು ನಡೆದ ಹಾಗೆ ಹೇಳಿದ್ದ. ಅದೂ ಆ ರಾಶಿಗೇ ಹೋಗಿ ಬಿತ್ತು. ಇದಕ್ಕಿಂತ ಹೆಚ್ಚಿಗೆ ಅವನ ಹತ್ತಿರ ಇನ್ನು ಯಾವ ಸತ್ಯವೂ ಇರಲಿಲ್ಲ.

ಅವನು ಕೊರಳಿಗೆ ಕೈ ಹಾಕಿ ಮಾಲೆ ತೆಗೆಯಲು ಹೋದ. ಅವಳು ಅವನ ಕೈ ಹಿಡಿದಳು.

"ಬ್ಯಾಡ್ರಿ, ಇರಲಿ ಅದು."

"ನೀನ ಹೇಳಿದ್ದಿಯಲ್ಲ, ಇದು ಇಳದ್ರ..."

"ಹೇಳಿದ್ದೆ. ಆಗ ನಮ್ಮಪ್ಪ ಇದ್ದ. ನನ್ನ ಕಾಲಾಗ ಬಲಾ ಇತ್ತು." ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಾಲೆಯಿಂದ ಬಿಡಿಸಿದಳು. "ಈಗ ನಾ ಎಲ್ಲಿ ಹೋಗಲ್ರೀ? ಇದು ಕೊಳ್ಳಾಗ ಇರಲಿ. ಮಂದಿ ಇದನ್ನ ನೋಡತಾರ, ನಿಮ್ಮನ್ನ ನೋಡೂದಿಲ್ಲ. ಮುಗ್ಧಾಗ ಗೊತ್ತಾಗೂದು ಬ್ಯಾಡ. ಅಷ್ಟ ಮಾಡ್ರಿ ಸಾಕು."

ಬೈಗುಳವಿಲ್ಲ, ಕಣ್ಣೀರಿಲ್ಲ. ಅವನಿಗೆ ಒಮ್ಮೆಲೇ ಅವಳು ಹೋಗಿಬಿಡಲಿ ಅನಿಸಿತು. ಹೋದರೆ ನಂದಗಡದ ದಾರಿ ಇರುತ್ತದೆ, ಮಾವನಿಲ್ಲದಿದ್ದರೂ ಒಂದು ಬಾಗಿಲು ಇರುತ್ತದೆ, ಬಾಗಿಲ ಮುಂದೆ ಬಿದ್ದು ಅಳಬಹುದು, ಮತ್ತೆ ಆಣೆ ಇಡಬಹುದು. ಹೋಗದವಳನ್ನು ಎಲ್ಲಿಂದ ಕರೆದುಕೊಂಡು ಬರುವುದು?

ಅವಳು ಎದ್ದು ಹೊರಗಿನ ಕೋಣೆಯಲ್ಲಿ ಅವನ ಹಾಸಿಗೆ ಹಾಸಿದಳು. ಕುಡಿತದ ಆ ವರ್ಷಗಳಲ್ಲಿ ಅವನು ಮಲಗುತ್ತಿದ್ದದ್ದು ಅಲ್ಲೇ, ವಾಂತಿಗೆಂದು ತಲೆದೆಸೆಗೆ ಒಂದು ಬಕೆಟ್ಟು ಇಡುತ್ತಿದ್ದಳು. ಬಚ್ಚಲಿಗೆ ಹೋಗಿ ಒಂದು ಹಳೆಯ ಬಕೆಟ್ಟು ತೊಳೆದು ತಂದು ಇಟ್ಟಳು.

"ಇಷ್ಟೇನು ಬ್ಯಾಡಾಗಿತ್ತು" ಎಂದ ಪಂಢರಿನಾಥ. "ನಾ ಭಾಳ ಕುಡದಿಲ್ಲ. ಮುಂಜಾನೆ ಎದ್ದು ಎತ್ತಿಡತೀನಿ."

"ಇಲ್ಲೇ ಇರಲಿ ಬಿಡ್ರಿ" ಎಂದಳು ಪ್ರಾಜಕ್ತಾ. "ದಿನಾ ತಂದಿಡೂದು ಯಾಕ." ಒಳಗೆ ಹೋಗಿ, ಮಗಳು ಬರುವಷ್ಟರಲ್ಲಿ ತಾಟು ಹಾಕಬೇಕೆಂದು ಅಡುಗೆಮನೆಯ ದೀಪ ಹಚ್ಚಿದಳು.